ದೀಪ ನೋಡಿ ಹಾಕಿದ ರುಜು

"ತುಳಿಯಪ್ಪಾ!" ಎಂದು ಬಸ್ಸಿನ ಹಿಂದೆ ನಿಂತು ಕೂಗಿದೆ. ಬ್ರೇಕಿನ ಕೆಂಪು ದೀಪ ಹತ್ತಿತು. "ಬಿಡು!" ಎಂದೆ. ತುಸು ತಡವಾಗಿ ಆರಿತು. ಬ್ರೇಕೂ ಸರಿಯಿದೆ, ಡ್ರೈವರೂ ಸರಿಯಿದ್ದಾನೆ ಎಂದು ಪುಸ್ತಕದಲ್ಲಿ ರುಜು ಹಾಕಿದೆ.

ಅದು ೧೯೬೬. ವಿಶ್ವವಿದ್ಯಾಲಯದ ಬಸ್ಸು ಚಿಂತಾಮಣಿಯಿಂದ ಹೊರಡುವ ಮುಂಚೆ ದಿನಾ ಬೆಳಿಗ್ಗೆ ಹೀಗೆ ಪರೀಕ್ಷಿಸುವುದು ನನ್ನ ಕೆಲಸ. ಹಿಂದಿನ ವಾರ ಜ್ವರದಲ್ಲಿದ್ದ ಡ್ರೈವರ್ ನರಸಿಂಹಪ್ಪನ ಮುಖ ನೋಡದೆ, ಬರೀ ದೀಪ ನೋಡಿ ರುಜು ಹಾಕಿದ್ದೆ. ಹಣೆಗೆ ನೀಲಗಿರಿ ಎಣ್ಣೆ ಬಳಿದುಕೊಂಡು ಹೊರಟವನು ಶಿಡ್ಲಘಟ್ಟದ ದಾರಿಯಲ್ಲಿ ಸ್ಟೀರಿಂಗ್ ಮೇಲೆಯೇ ಪ್ರಾಣ ಬಿಟ್ಟಿದ್ದ.

ಪುಸ್ತಕ ಮುಚ್ಚುತ್ತಿದ್ದಾಗ ಹೊಸ ಡ್ರೈವರ್ ಮುನಿನಾರಾಯಣಪ್ಪ ಟೀ ಅಂಗಡಿ ಕಡೆಯಿಂದ ಬಾಯಿ ಒರೆಸಿಕೊಳ್ಳುತ್ತ ಬಂದ.

"ಏನ್ ಸ್ವಾಮಿ, ಖಾಲಿ ಬಸ್ಸಿಗೆ ತುಳಿ ತುಳಿ ಅಂತಿದ್ದೀರಾ?" ಎಂದು ನಕ್ಕ.

ಇಬ್ಬರೂ ಹತ್ತಿ ನೋಡಿದೆವು. ಒಳಗೆ ಯಾರೂ ಇರಲಿಲ್ಲ. ಚಳಿಗೆ ಕಂಬಿಗಳೆಲ್ಲ ಕೊರೆಯುತ್ತಿದ್ದವು, ಡ್ರೈವರ್ ಸೀಟು ಮಾತ್ರ ಜ್ವರ ಬಂದ ಮೈಯಷ್ಟು ಬಿಸಿಯಾಗಿತ್ತು. ನೀಲಗಿರಿ ಎಣ್ಣೆಯ ವಾಸನೆ ಮೂಗಿಗೆ ಅಡರಿತು. ಮುನಿನಾರಾಯಣಪ್ಪನ ನಗು ನಿಂತಿತು.

ಹೊರಗೆ ಚಿಕ್ಕಬಳ್ಳಾಪುರಕ್ಕೆ ಪರೀಕ್ಷೆ ಬರೆಯಲು ಹೋಗುವ ವಿದ್ಯಾರ್ಥಿಗಳು ಬಾಗಿಲು ಬಡಿಯುತ್ತಿದ್ದರು. ನಾನು ಜೇಬಿನಿಂದ ಬಸ್ಸಿನ ಕೀಲಿ ತೆಗೆದು ಚಾಚಿದೆ.

"ಹೊತ್ತಾಯ್ತು, ತಗೊಳ್ಳಪ್ಪ. ರುಜೂನೂ ಹಾಕ್ಬಿಟ್ಟಿದ್ದೀನಿ."

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನೀವು ರುಜು ಹಾಕಿದ್ದು ನನಗಲ್ಲ ಸ್ವಾಮಿ. ನಾನು ಓಡ್ಸಲ್ಲ."