ದುಂಡಸಿಯ ಗುಳಿಗೆ ಡಬ್ಬಿ

ಕುಡಗೋಲು ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು.

ಹಿಡಿದವನು ಗುದ್ಲೆಪ್ಪ. ಅಕ್ಕಿಆಲೂರು ಸಂತೆಯಲ್ಲಿ ಕಬ್ಬು ಮಾರುವವನು. ವಯಸ್ಸು ಅರವತ್ತರ ಮೇಲೆ. ಹೆದರಿದ್ದು ನಾನಲ್ಲ... ಅವನು. ಸರಿ, ನಾನೂ!

"ಹಿಂದಕ್ಕ ಸರೀರಿ! ನಾ ಯಾ ಗುಳಿಗಿನೂ ಮಾರಿಲ್ಲ!"

"ಮಾರೀರಿ ಅಂತ ಯಾರಂದ್ರು, ಕಾಕಾ?"

"ನೀವು ಡ್ರಗ್ ಇನ್ಸ್‌ಪೆಕ್ಟರ್ ಹೌದಿಲ್ಲೋ?"

ಅಲ್ಲ. ಸರ್ವೆಯವಳು. ಎಂ.ಎಸ್ಸಿ. ಓದಿದವಳು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಮನೆಮನೆ ತಿರುಗುತ್ತೇನೆ. ಉಳಿದ ಆಂಟಿಬಯಾಟಿಕ್ ಇಟ್ಟುಕೊಂಡಿದ್ದೀರಾ ಎಂದು ಕೇಳುತ್ತೇನೆ. ಅರ್ಧಂಬರ್ಧ ನುಂಗಿದರೆ ರೋಗಾಣು ಸಾಯುವುದಿಲ್ಲ, ಔಷಧಿಗೇ ಪಳಗುತ್ತದೆ ಎಂದು ಹೇಳುತ್ತೇನೆ. ಜನ ತಲೆಯಾಡಿಸಿ ಚಹಾ ಕೊಡುತ್ತಾರೆ. ಗುಳಿಗೆ ಡಬ್ಬಿಯನ್ನು ಕಪಾಟಿನ ಇನ್ನೂ ಒಳಕ್ಕೆ ತಳ್ಳುತ್ತಾರೆ.

ಕುಡಗೋಲು ಮಾತ್ರ ಇದೇ ಮೊದಲು.

ಗುದ್ಲೆಪ್ಪ ತಿರುಗಿ ಓಡಿದ!

ನಾನೂ ಓಡಿದೆ. ಬದನೆಕಾಯಿ ರಾಶಿ ದಾಟಿದೆ. ಮಂಡಕ್ಕಿ ಚೀಲ ಹಾರಿದೆ... ಹಾರಿದೆ ಎನ್ನುವುದು ನನ್ನ ಅಭಿಪ್ರಾಯ. ಚೀಲದ ಅಭಿಪ್ರಾಯ ಬೇರೆ ಇತ್ತು. ಮಂಡಕ್ಕಿಯಲ್ಲಿ ಹೂತು ಬಿದ್ದವಳನ್ನು ನೋಡಿ ಗುದ್ಲೆಪ್ಪ ನಿಂತ. ಏದುಸಿರು ಬಿಡುತ್ತ ವಾಪಸ್ ಬಂದ. ಎಬ್ಬಿಸಲು ಕೈ ಕೊಟ್ಟ.

ಪತ್ತೇದಾರಿ ಎಂದರೆ ಇದು.

"ಕಾಕಾ, ನಿಮ್ಮ ಪಕ್ಕ ಬೆಳ್ಳುಳ್ಳಿ ಮಾರೋ ಮರಿಯಮಬಿ ಮಗಳು ಸಾಯಿಮಾ ದವಾಖಾನ್ಯಾಗ ಅದಾಳ."

ಅವನ ಮುಖ ಇಳಿಯಿತು.

ಸಾಯಿಮಾಗೆ ಹತ್ತೊಂಬತ್ತು. ಹಾನಗಲ್ಲಿನ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು. ಮೂತ್ರದ ಸೋಂಕು ರಕ್ತಕ್ಕೆ ಏರಿತ್ತು. ಮೊದಲು ಜ್ವರ ಬಂದಾಗ ತಾಯಿ ಎರಡು ದಿನ ಯಾವುದೋ ಗುಳಿಗೆ ನುಂಗಿಸಿದ್ದಳು. ಡಾಕ್ಟರ್ ಬೆಳಿಗ್ಗೆ ನನಗೆ ಹೇಳಿದ್ದು ಇಷ್ಟೇ: "ಯಾ ಔಷಧಿ ನಾಟತೈತಿ ಅಂತ ಹೇಳೋ ಕಲ್ಚರ್ ರಿಪೋರ್ಟ್ ಬರಾಕ ಎರಡು ದಿನ ಬೇಕು. ಅಕಿಗೆ ಅಷ್ಟು ಟೈಮಿಲ್ಲ. ನಾ ಹಾಕಿದ ಇಂಜೆಕ್ಷನ್‌ಗೆ ಜ್ವರ ಜಗ್ಗಾಕತ್ತಿಲ್ಲ. ಮೊದಲ ಯಾ ಗುಳಿಗಿ ನುಂಗ್ಯಾಳ ಅಂತ ಹುಡುಕಿ ಹೇಳ್ರಿ!"

ಮರಿಯಮಬಿ ಗುದ್ಲೆಪ್ಪನ ಹೆಸರು ಹೇಳಿ ಕೊಟ್ಟ ಸುಳಿವು ನನ್ನ ಪರ್ಸಿನಲ್ಲಿತ್ತು. ಕತ್ತರಿಯಿಂದ ಕತ್ತರಿಸಿದ ಖಾಲಿ ಸ್ಟ್ರಿಪ್ಪಿನ ಚೂರು. ಔಷಧಿಯ ಹೆಸರು ಇನ್ನೊಂದು ತುಂಡಿಗೆ ಹೋಗಿತ್ತು. ಉಳಿದದ್ದು 'ಇನ್' ಎಂಬ ಬಾಲ. ಅಂಗಡಿಯ ಅರ್ಧ ಔಷಧಿಗಳಿಗೆ ಆ ಬಾಲವಿದೆ.

"ಇದನ್ನ ನಿಮಗ ಯಾರು ಕೊಟ್ರು?"

"ದುಂಡಸಿಗೆ ಕಬ್ಬು ನೋಡಾಕ ಹೋಗಿದ್ನಿರಿ. ಕಾಲಾಗ ಕುರು ಆಗಿತ್ತು. ಅಲ್ಲಿ ಅನ್ನವ್ವ ಅಂತ ಒಬ್ಬಾಕಿ ಆರು ಗುಳಿಗಿ ಕತ್ತರಿಸಿ ಕೊಟ್ಟಳು. ಎರಡಕ್ಕ ಆರಾಮಾತು. ಉಳದ ನಾಕು ಮರಿಯಮಬಿಗೆ ಕೊಟ್ಟೆ."

"ಯಾರೋ ಕೊಟ್ರು ಅಂತ ನುಂಗೂದೇನು?"

"ಯಾರೋ ಅಲ್ಲ ಮೇಡಂ! ಅಕಿ ಗುಳಿಗಿ ಅಂದ್ರ ಊರಿಗೆ ಊರ ನಂಬತೈತಿ. ಅಕಿ ಸೊಸಿ ಇದನ್ನ ಓದ್ಯಾಳಂತ. ನಾಕು ತಾಲೂಕಿಗೆ ಗುಳಿಗಿ ಬಗ್ಗೆ ಬುದ್ಧಿ ಹೇಳ್ಕೊಂತ ತಿರಗತಾಳಂತ!"

ನಾನು ಮತ್ತೆ ಮಂಡಕ್ಕಿಯಲ್ಲಿ ಕುಳಿತೆ.

ದುಂಡಸಿ ಅನ್ನವ್ವನಿಗೆ ಒಬ್ಬಳೇ ಸೊಸೆ... ನಾನು!

ಸ್ಕೂಟಿ ಹತ್ತಿದೆ. ಅತ್ತೆಗೆ ಫೋನ್ ಮಾಡಿದೆ. ಎತ್ತಲಿಲ್ಲ. ನ್ಯಾಯವೇ. ಎಂಟು ತಿಂಗಳು ಅವರ ಫೋನನ್ನು ನಾನೂ ಎತ್ತಿರಲಿಲ್ಲ. ಗಂಡ ಫಕ್ಕೀರೇಶ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ಕ್ರಿಯೆ ಮುಗಿದ ಮರುದಿನ ನಾನು ಬ್ಯಾಗು ತುಂಬಿಕೊಂಡು ಹಾನಗಲ್ಲಿಗೆ ಬಂದೆ. ಅಷ್ಟೇ.

ಆಕ್ಸಿಲರೇಟರ್ ತಿರುವಿದೆ. ಪ್ರಾಣ ಹೋಗುವ ವೇಗ! ಒಂದು ಟ್ರ್ಯಾಕ್ಟರ್ ನನ್ನನ್ನು ಓವರ್‌ಟೇಕ್ ಮಾಡಿತು.

ಅತ್ತೆ ಕಟ್ಟೆಯ ಮೇಲೆ ಜೋಳ ಕೇರುತ್ತಿದ್ದರು. ತಲೆ ಎತ್ತಲಿಲ್ಲ.

"ಯಾರು? ಸರ್ವೆಯವ್ರೇನು?"

"ಅತ್ತೀ, ನಾನು."

"ಗೊತ್ತೈತಿ. ಕಣ್ಣು ಇನ್ನೂ ಹೋಗಿಲ್ಲ."

"ಗುಳಿಗಿ ಡಬ್ಬಿ ಕೊಡ್ರಿ."

"ಬಂದ ಕೂಡ್ಲೆ ಡಬ್ಬಿ! ಹೆಂಗದೀರಿ ಅನ್ನಂಗಿಲ್ಲ, ನೀರು ಕೇಳಂಗಿಲ್ಲ. ಕೊಡೂದಿಲ್ಲ ಹೋಗು!"

"ಹಾನಗಲ್ಲದಾಗ ಒಂದು ಹುಡುಗಿ ಸಾಯಾಕತ್ತಾಳ್ರಿ."

ಮೊರ ನಿಂತಿತು.

"ನನ್ನ ಗುಳಿಗಿಯಿಂದ?"

"ಅದು ಕೆಲಸ ಮಾಡಲಿಲ್ಲ ಅಂತ. ಅದರ ಹೆಸರು ಡಾಕ್ಟರಿಗೆ ಬೇಕು."

ಅತ್ತೆ ಒಳಗೆ ಹೋಗಿ ಬಿಸ್ಕಿಟ್ ಡಬ್ಬಿ ತಂದರು. ಒಳಗೆ ಔಷಧಿ ಅಂಗಡಿಯ ಕಾಗದದ ಕವರು. ಮೇಲೆ ಫಕ್ಕೀರೇಶ ಎಂದು ಬರೆದಿತ್ತು. ಅವನ ಹಲ್ಲುನೋವಿನ ಗುಳಿಗೆ. ಹತ್ತರಲ್ಲಿ ಮೂರು ನುಂಗಿ, ಆರಾಮಾಯಿತು ಎಂದು ಬಿಟ್ಟಿದ್ದ. ಪೂರ್ತಿ ಮುಗಿಸು ಎನ್ನಬೇಕಾದವಳು ಆಗ ಪಕ್ಕದಲ್ಲೇ ಪರೀಕ್ಷೆಗೆ ಓದುತ್ತಿದ್ದಳು... ಇದೇ ವಿಷಯವನ್ನು!

"ಅವನ ಅಂಗಿ ಕೊಟ್ಟೆ, ಚಪ್ಪಲಿ ಕೊಟ್ಟೆ, ಛತ್ರಿ ಕೊಟ್ಟೆ," ಎಂದರು ಅತ್ತೆ. "ಇದು ಉಳದಿತ್ತು. ಬ್ಯಾನಿ ಬಂದವ್ರಿಗೆ ಕೊಟ್ರ ಅವಂಗ ಮುಟ್ಟತೈತಿ ಅಂದ್ಕೊಂಡೆ. ಚೆಲ್ಲಾಕ ಹೆಂಗ ಬರತೈತಿ, ಭಾಗ್ಯಾ?"

ಅವನ ಹೆಸರಿದ್ದ ಕವರನ್ನು ಕೈಗೆ ತೆಗೆದುಕೊಂಡೆ.

ಕವರಿನಲ್ಲಿ ಉಳಿದ ತುಂಡಿಗೆ ನನ್ನ ಚೂರನ್ನು ಹೊಂದಿಸಿದೆ. ಕತ್ತರಿಯ ಸೊಟ್ಟ ಗೆರೆ ಕೂಡಿತು. ಹೆಸರು ಪೂರ್ತಿಯಾಯಿತು. ಫೋಟೋ ಕಳಿಸಿದೆ.

ಡಾಕ್ಟರ್ ತಕ್ಷಣ ಫೋನ್ ಮಾಡಿದರು. "ಅದ ಜಾತಿ ಔಷಧಿನ ನಾನೂ ಹಾಕಾಕತ್ತಿದ್ದೆ! ರೋಗಾಣು ಅದಕ್ಕ ಪಳಗೈತಿ, ಈಗ ಬದಲಿ ಮಾಡ್ತೇನಿ."

ಆ ದಿನ ದುಂಡಸಿಯಲ್ಲೇ ಉಳಿದೆ. ಪ್ರೀತಿಯಿಂದ ಎಂದುಕೊಳ್ಳಬೇಡಿ. ಪೆಟ್ರೋಲ್ ಮುಗಿದಿತ್ತು. ಅತ್ತೆ ರೊಟ್ಟಿ ಬಡಿದರು. ತಿಂದೆ. ಇನ್ನೊಂದು ರೊಟ್ಟಿ ಹಾಕಿದರು.

ಮರುದಿನ ಮಧ್ಯಾಹ್ನ ಫೋನ್ ಬಂತು.

"ಜ್ವರ ಇಳದೈತ್ರಿ. ಹುಡುಗಿ ಕಣ್ಣು ಬಿಟ್ಟು ಚಹಾ ಕೇಳಿದಳು," ಎಂದರು ಡಾಕ್ಟರ್. "ಅಲ್ಲ ಮೇಡಂ, ಆ ಡಬ್ಬಿ ಮನಿಯವ್ರಿಗೆ ಯಾರೂ ತಿಳಿಸಿ ಹೇಳಿಲ್ಲೇನು? ನಿಮ್ಮ ಸರ್ವೆಯವ್ರು ಅಲ್ಲಿಗೆ ಹೋಗಿಲ್ಲ?"

"ಇಲ್ರಿ," ಎಂದೆ. "ನಾಕು ತಾಲೂಕು, ಎಂಟನೂರು ಮನಿ... ಬಿಟ್ಟಿದ್ದು ಅದೊಂದ!"