ಮಾರ್ತವ್ವನ ವೀಸಾ

ಕಾನ್‌ಸ್ಟೇಬಲ್ ಮಲ್ಲೇಶ ಅಳವಂಡಿಯ ಕಾಳಪ್ಪನ ಮನೆಗೆ ಮೊದಲ ಸಲ ಬಂದ ದಿನ, ಆ ಮನೆಯವರು ಒಬ್ಬ ಪೋರ್ಚುಗಲ್ ಹೆಂಗಸನ್ನು ಜೋಳದ ಕಣಕಿ ಬಣವೆಯ ಹಿಂದೆ ಅಡಗಿಸಿದ್ದರು.

ಮಲ್ಲೇಶ ಬಂದಿದ್ದು ಒಳ್ಳೆಯ ಸುದ್ದಿ ಹೇಳಲು. ಆದರೆ ಲಾಕ್‌ಡೌನ್ ಕಾಲದಲ್ಲಿ ಖಾಕಿ ತೊಟ್ಟವನು ಒಳ್ಳೆಯ ಸುದ್ದಿ ತರುತ್ತಾನೆಂದು ಯಾರು ನಂಬುತ್ತಾರೆ? ಪಂಚಾಯ್ತಿಯ ವಾಟರ್‌ಮನ್ ಆಗಿದ್ದ ಕಾಳಪ್ಪ, ನಲ್ಲಿ ಬಿಡಬೇಕೆಂದು ಹಿತ್ತಲಿನಿಂದ ಜಾರಿದ್ದ. ಅವನ ಹೆಂಡತಿ ಹುಲಿಗವ್ವ ಜ್ವರ ಬಂದವಳಂತೆ ಕಂಬಳಿ ಹೊದ್ದು ಮಲಗಿದ್ದಳು. ಮಲ್ಲೇಶ ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದು ಆಂಬ್ಯುಲೆನ್ಸಿಗೆ ಫೋನ್ ಹಚ್ಚಲು ಹೋದಾಗ, ಆಕೆಯ ಜ್ವರ ತಕ್ಷಣ ಇಳಿಯಿತು, ಎದ್ದು ಕುಳಿತಳು.

ಪಡಸಾಲೆಯಲ್ಲಿ ಹೊಲಿಗೆ ಮಷಿನ್ ಮುಂದೆ ಅವರ ಮಗಳು ದುರ್ಗಾ ಕೂತಿದ್ದಳು. ಜಂಪರ್ ಹೊಲಿದು ಉಳಿದ ಖಣದ ತುಂಡುಗಳಲ್ಲಿ ಊರಿಗೆಲ್ಲ ಮಾಸ್ಕ್ ಹೊಲಿಯುತ್ತಿದ್ದಳು. ಅವಳ ಮುಖಕ್ಕೂ ಒಂದು ಹಸಿರು ಮಾಸ್ಕ್ ಇತ್ತು.

ಮಾರ್ತಾ ಅನ್ನುವ ಮೇಡಂ ಎಲ್ಲಿದ್ದಾರೆ ಎಂದು ಮಲ್ಲೇಶ ಕೇಳಿದ. ಯಾವ ಮಾರ್ತಾ ಎಂದು ಅವಳು ಕಣ್ಣೆತ್ತದೆ ಕೇಳಿದಳು. ಅವಳ ಹಿಂದೆಯೇ ಗೋಡೆಗೆ ಒರಗಿ ಒಂದು ವಿದೇಶಿ ಸೈಕಲ್ ನಿಂತಿತ್ತು.

"ಇದು ಯಾರದ್ರಿ?"

"ನಮ್ಮಪ್ಪಂದ್ರಿ. ನಲ್ಲಿ ಬಿಡಾಕ ಹೋಗ್ತಾನ."

"ನಲ್ಲಿ ಬಿಡಾಕ ಇಷ್ಟು ಗೇರ್ ಬೇಕೇನ್ರಿ?"

"ನಮ್ಮೂರಾಗ ಏರು ಭಾಳ ಐತ್ರಿ."

ಅಳವಂಡಿ ಎರೆಭೂಮಿಯ ಊರು. ಅಲ್ಲಿ ಏರು ಎಂದರೆ ಗುಡಿಯ ಮೆಟ್ಟಿಲು ಮಾತ್ರ. ಮಲ್ಲೇಶ ಏನೋ ಹೇಳುವಷ್ಟರಲ್ಲಿ ಬಣವೆಯ ಹಿಂದಿನಿಂದ ಒಂದು ಸೀನು ಬಂತು.

"ಆಡು," ಎಂದಳು ದುರ್ಗಾ.

ಇನ್ನೊಂದು ಸೀನು ಬಂತು. ಅದರ ಬೆನ್ನಿಗೇ ಯಾವುದೋ ಪರದೇಶದ ಭಾಷೆಯಲ್ಲಿ ದೇವರ ಹೆಸರು ಬಂತು.

ಆಗ ದುರ್ಗಾ ಕಣ್ಣೆತ್ತಿದಳು. ಮಾಸ್ಕಿನ ಮೇಲೆ ಬರೀ ಎರಡು ಕಣ್ಣು. ಒಂದರಲ್ಲಿ ಹೆದರಿಕೆ ಇತ್ತು, ಇನ್ನೊಂದರಲ್ಲಿ ನಗು ಹೊರಬರಲು ಕಾಯುತ್ತಿತ್ತು ಎಂದು ಮಲ್ಲೇಶನಿಗೆ ಅನ್ನಿಸಿತು. ಹಾಗೆ ಎರಡು ಕಣ್ಣಲ್ಲಿ ಎರಡು ಭಾವ ಇರಲು ಸಾಧ್ಯವೇ ಎಂದು ಅವನು ಆಮೇಲೆ ಎಷ್ಟೋ ದಿನ ಯೋಚಿಸಿದ.

"ಆಡಿಗೆ ಹೊರಗ ಬರಾಕ ಹೇಳ್ರಿ," ಎಂದ. "ಸರ್ಕಾರ ಅವರ ವೀಸಾ ಮುಂದಕ್ಕ ಹಾಕೈತಿ."

ತಲೆಗೂದಲಿಗೆಲ್ಲ ಕಣಕಿಯ ರವದಿ ಮೆತ್ತಿಕೊಂಡು ಮಾರ್ತಾ ಹೊರಬಂದಳು. ಅರವತ್ತು ದಾಟಿದ ಹೆಂಗಸು. ತನ್ನ ಊರಲ್ಲಿ ಶಾಲೆಯ ಬಸ್ ಓಡಿಸಿ ನಿವೃತ್ತಳಾಗಿ, ಗೋವಾದಿಂದ ಹಂಪಿಗೆ ಸೈಕಲ್ ತುಳಿಯುತ್ತ ಬಂದವಳು ಲಾಕ್‌ಡೌನ್ ಆಗಿ ಅಳವಂಡಿಯಲ್ಲಿ ಸಿಕ್ಕಿಕೊಂಡಿದ್ದಳು. ಪಂಚಾಯ್ತಿಯವರು ಕಾಳಪ್ಪನ ಮನೆಯ ಖಾಲಿ ಖೋಲಿಯಲ್ಲಿ ಇರಿಸಿದ್ದರು. ವೀಸಾ ಮುಗಿದರೆ ಆಕೆಗೂ ಇಟ್ಟುಕೊಂಡವರಿಗೂ ಜೈಲು ಎಂದು ಓಣಿಯವರು ಹೇಳಿದ್ದೇ ಈ ಅಡಗುವ ಆಟಕ್ಕೆ ಕಾರಣ.

ಮಲ್ಲೇಶ ಆದೇಶವನ್ನು ನಿಧಾನವಾಗಿ ತಿಳಿಸಿ ಹೇಳಿದ. ಸಿಕ್ಕಿಕೊಂಡ ಪರದೇಶದವರು ದಂಡವಿಲ್ಲದೆ ಇರಬಹುದು, ವಿಮಾನಗಳು ಮೊದಲಿನಂತೆ ಹಾರಲು ಶುರುವಾಗಿ ಮೂವತ್ತು ದಿನದವರೆಗೂ ಇರಬಹುದು. ಅವು ಯಾವಾಗ ಹಾರುತ್ತವೆ ಎಂದು ಹುಲಿಗವ್ವ ಕೇಳಿದಳು. ಅದು ಸರ್ಕಾರಕ್ಕೂ ಗೊತ್ತಿಲ್ಲ ಎಂದ. ಹಾಗಾದರೆ ಮುಂದಿನ ಆದೇಶದವರೆಗೂ ಈಕೆ ನಮ್ಮ ಮನೆಮಗಳೇ ಎಂದು ಹುಲಿಗವ್ವ ತೀರ್ಮಾನ ಕೊಟ್ಟಳು. ಅಂದಿನಿಂದ ಮಾರ್ತಾ ಮಾರ್ತವ್ವ ಆದಳು.

*

ಆಗಾಗ ಹೋಗಿ ಆ ಹೆಂಗಸು ಕ್ಷೇಮವಾಗಿದ್ದಾಳೆಯೇ ನೋಡಿ ಬಾ ಎಂದು ಠಾಣೆಯ ಸಾಹೇಬರು ಹೇಳಿದ್ದರು. ಆಗಾಗ ಎಂದರೆ ಎಷ್ಟು ಎಂದು ಮಲ್ಲೇಶ ಬಹಳ ಯೋಚಿಸಿದ. ತಿಂಗಳಿಗೊಮ್ಮೆ ಎಂದರೆ ಕರ್ತವ್ಯಲೋಪ ಅನ್ನಿಸಿತು. ವಾರಕ್ಕೊಮ್ಮೆ ಎಂದು ನಿಶ್ಚಯಿಸಿದ. ವಾರದ ನಡುವೆ ಆಕೆಗೆ ಏನಾದರೂ ಆದರೆ ಯಾರು ಹೊಣೆ ಎಂಬ ಚಿಂತೆ ಹತ್ತಿ, ಗುರುವಾರವನ್ನೂ ಸೇರಿಸಿದ.

ಬಂದರೆ ಅಂಗಳದಲ್ಲಿ ನಿಲ್ಲುತ್ತಿದ್ದ. ಮಾರ್ತವ್ವನ ಯೋಗಕ್ಷೇಮ ಕೇಳುತ್ತಿದ್ದ. ಹುಲಿಗವ್ವನಿಂದ ಕನ್ನಡ ಕಲಿತ ಮಾರ್ತವ್ವ, "ಬಾರಪಾ ಮಲ್ಲೇಶಾ, ಯಾಕ ಸೊರಗೀದಿ?" ಎಂದು ಅವನ ಯೋಗಕ್ಷೇಮವನ್ನೇ ವಿಚಾರಿಸುತ್ತಿದ್ದಳು. ಮಷಿನ್ ಮಾತ್ರ ನಿಲ್ಲುತ್ತಿರಲಿಲ್ಲ. ಆದರೆ ಅವನು ಬಂದಾಗ ಅದರ ಸದ್ದು ಸ್ವಲ್ಪ ನಿಧಾನವಾಗುತ್ತಿತ್ತು. ಅದು ತನ್ನ ಭ್ರಮೆಯೋ ನಿಜವೋ ಎಂದು ಅವನಿಗೆ ಖಾತ್ರಿಯಿರಲಿಲ್ಲ.

ಒಂದು ಗುರುವಾರ ದುರ್ಗಾ ಅವನ ಮುಂದೆ ಒಂದು ಮಾಸ್ಕ್ ಚಾಚಿದಳು. ನೇರಳೆ ಖಣ, ಕೆಂಪು ಅಂಚು.

"ನಿಮ್ಮದು ಹರದೈತಿ," ಎಂದಳು. "ಪೊಲೀಸರ ಮರ್ಯಾದಿ ಪ್ರಶ್ನಿ."

ಖಾಕಿಯ ಮೇಲೆ ಖಣದ ಮಾಸ್ಕ್ ಕಟ್ಟಿಕೊಂಡು ಠಾಣೆಗೆ ಹೋದವನಿಗೆ ಜೊತೆಯ ಪೊಲೀಸರು ಸೋಬಾನೆ ಹಾಡುವುದೊಂದು ಬಾಕಿ ಇತ್ತು. ಮಲ್ಲೇಶ ಅದನ್ನು ಬಿಚ್ಚಲಿಲ್ಲ. ರಾತ್ರಿ ಒಗೆದು ಒಣಹಾಕಿ ಬೆಳಗ್ಗೆ ಮತ್ತೆ ಅದನ್ನೇ ಕಟ್ಟುತ್ತಿದ್ದ.

ಒಂದೇ ತೊಡಕು ಚಹಾದ್ದು. ಪ್ರತಿ ಸಲವೂ ದುರ್ಗಾ ಕಟ್ಟೆಯ ಮೇಲೆ ಚಹಾ ತಂದಿಡುತ್ತಿದ್ದಳು. ಪ್ರತಿ ಸಲವೂ ಅವನು ಡ್ಯೂಟಿ ಮೇಲಿದ್ದೇನೆ, ನಿಯಮ ಇದೆ ಎಂದು ಬೇಡ ಎನ್ನುತ್ತಿದ್ದ. ಅಂಥ ನಿಯಮ ಇರಲಿಲ್ಲ. ಅವನ ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಹತ್ತಿ ಕುಳಿತಿದ್ದವು. ಚಿಕ್ಕಂದಿನಿಂದ ಅವನು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಈಗ ಆ ಕೆಲಸವನ್ನು ಮಾಸ್ಕ್ ಮಾಡುತ್ತಿತ್ತು. ಅವಳು ಕಂಡಿದ್ದು ಕಣ್ಣನ್ನು ಮಾತ್ರ. ಮಾಸ್ಕ್ ಇಳಿಸಿದರೆ ಉಳಿದದ್ದೂ ಕಾಣುತ್ತದೆ.

ಇಂಥ ಪುಕ್ಕಲನನ್ನು ಪೊಲೀಸ್ ಇಲಾಖೆ ಹೇಗೆ ಆರಿಸಿತು ಎಂದು ಅವನಿಗೇ ಆಶ್ಚರ್ಯ.

"ನಮ್ಮ ಮನಿ ಚಹಾ ನಿಮಗ ಸೇರಂಗಿಲ್ಲ ಬಿಡ್ರಿ," ಎಂದು ದುರ್ಗಾ ಆರಿದ ಚಹಾವನ್ನು ಒಳಗೆ ಒಯ್ಯುವಾಗ ಅವನ ಎದೆಯಲ್ಲಿ ಸೂಜಿ ಆಡಿದಂತೆ ಆಗುತ್ತಿತ್ತು.

*

ವರ್ಷ ಕಳೆಯಿತು. ವಿಮಾನಗಳು ಮೊದಲಿನಂತೆ ಹಾರಲಿಲ್ಲ. ಸರ್ಕಾರ ಹಳೆಯ ಆದೇಶ ಬಿಟ್ಟು, ವೀಸಾಕ್ಕೆ ತಿಂಗಳು ತಿಂಗಳಿನ ಗಡುವು ಹಾಕತೊಡಗಿತು. ವೀಸಾ ಮತ್ತೆ ಮುಂದಕ್ಕೆ ಹೋಯಿತು ಎಂಬ ಸುದ್ದಿ ಬಂದಾಗಲೆಲ್ಲ ಮಲ್ಲೇಶ ಬೈಕ್ ಅನ್ನು ಅಂಗಳದೊಳಗೇ ತಂದು ನಿಲ್ಲಿಸುತ್ತಿದ್ದ.

ಎರಡನೆಯ ವರ್ಷದ ಮಳೆಗಾಲದಲ್ಲಿ ಹಾಗೇ ಓಡಿಬಂದು, ಮಾರ್ತವ್ವ ಇನ್ನೂ ಒಂದು ತಿಂಗಳು ಇರಬಹುದು ಎಂದು ಹಬ್ಬದ ಊಟ ಸಾರುವವನಂತೆ ಹೇಳಿದ. ಮಾರ್ತವ್ವ ನಗಲಿಲ್ಲ. ಫೋನಿನಲ್ಲಿ ಮೊಮ್ಮಗಳ ಫೋಟೋ ನೋಡುತ್ತ ಕೂತಿದ್ದಳು. ಆ ಕೂಸು ಹುಟ್ಟಿದ್ದು, ಹೊರಳಿದ್ದು, ಹೆಜ್ಜೆ ಇಟ್ಟಿದ್ದು ಎಲ್ಲವನ್ನೂ ಆಕೆ ಆ ಗಾಜಿನಲ್ಲೇ ನೋಡಿದ್ದಳು. ಎದ್ದು ಆಡುಗಳ ಕಡೆ ಹೋದಳು.

ಮಷಿನ್ ನಿಂತಿತು.

"ನಿಮಗ ಭಾಳ ಖುಷಿ ಆದಂಗ ಐತಿ," ಎಂದಳು ದುರ್ಗಾ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬ ಮುದುಕಿ ತನ್ನ ಮೊಮ್ಮಗಳನ್ನು ಮುಟ್ಟದೆ ಇರುವುದರ ಮೇಲೆ ತಾನು ತನ್ನ ವಾರದ ಎರಡು ಭೇಟಿಗಳನ್ನು ಕಟ್ಟಿಕೊಂಡಿದ್ದೇನೆ ಎಂದು ಮಲ್ಲೇಶನಿಗೆ ಅಂದು ತಿಳಿಯಿತು.

ಮರುದಿನದಿಂದ ಅವನು ಕೈಕಟ್ಟಿ ಕೂರಲಿಲ್ಲ. ರಾಯಭಾರ ಕಚೇರಿಗೆ ಫೋನ್ ಮಾಡಿದ, ವಿಶೇಷ ವಿಮಾನಗಳ ವಿಚಾರ ಹುಡುಕಿದ, ದೇಶ ಬಿಡುವ ಅನುಮತಿಗೆ ಆನ್‌ಲೈನಿನಲ್ಲಿ ಮಾರ್ತವ್ವನ ಅರ್ಜಿ ಹಾಕಿಸಿದ. ಅಷ್ಟರಲ್ಲಿ ಸೆಪ್ಟೆಂಬರ್ ಕೊನೆಯವರೆಗಿನದೇ ಕೊನೆಯ ವಿಸ್ತರಣೆ ಎಂಬ ಮಾತೂ ಬಂತು. ಟಿಕೆಟ್ ಸಿಕ್ಕಿತು. ಬೆಂಗಳೂರಿನಿಂದ ಶುಕ್ರವಾರ ರಾತ್ರಿ.

ಅದೇ ವಾರ ಹುಲಿಗವ್ವ, ಕುಷ್ಟಗಿಯಿಂದ ದುರ್ಗಾಳಿಗೆ ಒಂದು ವರ ಬಂದಿದೆ, ಮಾರ್ತವ್ವ ಹೋದ ಮೇಲೆ ಮಾತುಕತೆ ಎಂದು ಅವನಿಗೇ ಹೇಳಿದಳು. ಒಳ್ಳೆಯದು ಎಂದ ಮಲ್ಲೇಶ. ಇನ್ನೇನು ಹೇಳುವುದು? ಶುಕ್ರವಾರ ಕಳೆದರೆ ಆ ಓಣಿಗೆ ಕಾಲಿಡಲು ಅವನ ಹತ್ತಿರ ನೆಪವೇ ಇರಲಿಲ್ಲ. ಅವನೇ ಓಡಾಡಿ ಆ ನೆಪಕ್ಕೆ ಟಿಕೆಟ್ ಮಾಡಿಸಿದ್ದ.

ಆದರೆ ಹೊರಡುವುದು ಶುಕ್ರವಾರ ಬೆಳಗ್ಗೆ ಎಂದಾಗ ಹುಲಿಗವ್ವ ಅಡ್ಡ ನಿಂತಳು. ಮಂಗಳವಾರ, ಶುಕ್ರವಾರ ಮನೆಮಗಳನ್ನು ಕಳಿಸುವ ಪದ್ಧತಿ ಅವರ ಮನೆತನದಲ್ಲೇ ಇಲ್ಲ. ಸರ್ಕಾರ ಅನುಮತಿ ಕೊಟ್ಟಿದೆ ಎಂದ ಮಲ್ಲೇಶ.

"ಸರ್ಕಾರಕ್ಕ ಹೆಣ್ಣುಮಕ್ಕಳು ಅದಾರೇನು?" ಎಂದಳು ಹುಲಿಗವ್ವ.

ಮಲ್ಲೇಶ ಅನುಮತಿಯ ಕಾಗದವನ್ನು ಮಡಚಿ ಜೇಬಿಗಿಟ್ಟ. ಕೊನೆಗೆ ದಾರಿ ತೋರಿದವಳು ದುರ್ಗಾ. ಗುರುವಾರವೇ ಉಡಿ ತುಂಬಿ ಮನೆಯಿಂದ ಕಳಿಸುವುದು, ರಾತ್ರಿ ಬೇರೊಬ್ಬರ ಮನೆಯಲ್ಲಿ ಇಳಿಸುವುದು, ಶುಕ್ರವಾರ ಅಲ್ಲಿಂದ ಹೊರಟರೆ ದೋಷವಿಲ್ಲ.

"ಕೊಪ್ಪಳದಾಗ ಗುರುತಿನವರ ಮನಿ ಯಾವುದರ ಇದ್ರ ಆತು," ಎಂದು ಅವಳು ದಾರಕ್ಕೆ ಗಂಟು ಹಾಕುತ್ತ ಹೇಳಿದಳು.

ಕೊಪ್ಪಳದಲ್ಲಿ ಮಲ್ಲೇಶನ ಮನೆಯಿತ್ತು. ಅಲ್ಲಿ ಅವನೂ ಅವನ ತಾಯಿ ಸಣ್ಣವ್ವನೂ ಇಬ್ಬರೇ. ದುರ್ಗಾ ದಾರದ ಕಡೆಯೇ ನೋಡುತ್ತಿದ್ದುದರಿಂದ, ಇದನ್ನು ಬೇಕೆಂದೇ ಹೇಳಿದಳೋ ಹೇಗೋ ಅವನಿಗೆ ತಿಳಿಯಲಿಲ್ಲ.

*

ಗುರುವಾರ ಮಧ್ಯಾಹ್ನ ಟಂಟಂ ಆಟೋದಲ್ಲಿ ಎಲ್ಲರೂ ಬಂದಿಳಿದರು. ಮಾರ್ತವ್ವ ಇಳಕಲ್ ಸೀರೆಯುಟ್ಟು, ಅಕ್ಕಿ ಕೊಬ್ಬರಿ ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಸೈಕಲನ್ನು ಟಂಟಂನ ತಲೆಯ ಮೇಲೆ ಕಟ್ಟಿದ್ದರು.

ಒಬ್ಬ ಮೇಡಂ ಒಂದು ರಾತ್ರಿ ಇರುತ್ತಾರೆ, ಅಳವಂಡಿಯವರು ಬಿಡಲು ಬರುತ್ತಾರೆ ಎಂದಷ್ಟೇ ಮಲ್ಲೇಶ ತಾಯಿಗೆ ಹೇಳಿದ್ದ. ಆದರೆ ಬಾಗಿಲಲ್ಲಿ ರಂಗೋಲಿ, ಒಳಗೆ ಹೊಸ ಜಮಖಾನ, ತಟ್ಟೆಯಲ್ಲಿ ಹಬ್ಬದ ಸಿಹಿ ಮಾದಲಿ. ಪಕ್ಕದ ಮನೆಯ ಮೈಮುನಬಿ ಕೂಡ ಬಂದು ಕೂತಿದ್ದಳು.

ಇದೆಲ್ಲ ಯಾಕೆ ಎಂದು ಮಲ್ಲೇಶ ಮೆಲ್ಲಗೆ ಕೇಳಿದ.

"ಮನಿ ನೋಡಾಕ ಬಂದೋರಿಗೆ ಬರೇ ಚಹಾ ಕುಡಿಸಿ ಕಳಸ್ಲೇನು?" ಎಂದು, ಮಗ ಆ ಖಣದ ಮಾಸ್ಕನ್ನೇ ದಿನಾ ಒಗೆದು ಕಟ್ಟುವುದನ್ನು ನೋಡುತ್ತ ಬಂದಿದ್ದ ಸಣ್ಣವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು.

ಮನೆ ನೋಡುವುದೆಂದರೆ ಹುಡುಗಿಯ ಕಡೆಯವರು ಬಂದು ಹುಡುಗನ ಮನೆಯ ಗೋಡೆ, ನೀರು, ಅತ್ತೆಯ ಬಾಯಿ ಎಲ್ಲವನ್ನೂ ಪರೀಕ್ಷಿಸುವ ಶಾಸ್ತ್ರ. ಹುಲಿಗವ್ವ ಕಾಳಪ್ಪನನ್ನು ನೋಡಿದಳು. ಕಾಳಪ್ಪ ಮಾದಲಿಯನ್ನು ನೋಡಿದ.

ಮಲ್ಲೇಶ ತಾಯಿಯ ಹತ್ತಿರ ಸರಿದ. ಬಂದವರನ್ನು ಹೀಗೆ ಮುಜುಗರಕ್ಕೆ ದೂಡುವುದು ಅನ್ಯಾಯ ಅನ್ನಿಸಿತು. ಸತ್ಯವನ್ನು ಹೇಳಲೇಬೇಕು.

"ಅವರು ಅದಕ್ಕ ಬಂದಿಲ್ಲ ಬೇ," ಎಂದ. "ಮೇಡಮ್ಮರನ್ನ ಬಿಡಾಕಷ್ಟ ಬಂದಾರ. ಬ್ಯಾರೆ ಏನಿಲ್ಲ."

ಬೇರೆ ಏನಿಲ್ಲ ಎಂದಾಗ ದುರ್ಗಾ ಅವನತ್ತ ನೋಡಿದಳು. ಒಂದೂವರೆ ವರ್ಷ ಆ ಕಣ್ಣುಗಳನ್ನೇ ಓದಿದವನಿಗೆ ಅದು ಸಾಕಾಯಿತು. ಎರಡರಲ್ಲೂ ಒಂದೇ ಭಾವವಿತ್ತು, ಅದು ನಗುವಲ್ಲ. ಅವಳು ಚಪ್ಪಲಿಯ ಕಡೆ ತಿರುಗಿದಳು. ಹುಲಿಗವ್ವನೂ ಸೆರಗು ಸರಿಮಾಡಿಕೊಂಡು ಏಳತೊಡಗಿದಳು.

ಆಗ ಮಾರ್ತವ್ವ ಜಮಖಾನದ ನಟ್ಟನಡುವೆ ಉಡಿಸಮೇತ ಚಕ್ಕಳಮಕ್ಕಳ ಹಾಕಿ ಕೂತಳು.

"ನಾ ಅದಕ್ಕ ಬಂದೀನಿ," ಎಂದಳು. "ನಾ ಹುಡುಗಿ ಕಡಿಯಾಕಿ. ಒಂದು ಮಾತು ಕೇಳ್ಬೇಕು. ಹುಡುಗ ಚಹಾ ಯಾಕ ಕುಡಿಯಂಗಿಲ್ಲ?"

ಮನೆಯೆಲ್ಲ ಅವನತ್ತ ತಿರುಗಿತು. ಸಣ್ಣವ್ವ, ತನ್ನ ಮಗ ದಿನಕ್ಕೆ ಆರು ಸಲ ಚಹಾ ಕುಡಿಯುತ್ತಾನೆ ಎಂದಳು. ಮೈಮುನಬಿ ಏಳು ಎಂದಳು. ದುರ್ಗಾ ಚಪ್ಪಲಿ ಬಿಟ್ಟು, ಸಣ್ಣವ್ವನ ಕೈಯಿಂದ ಒಂದು ಲೋಟ ಚಹಾ ತೆಗೆದುಕೊಂಡು ಹಿತ್ತಲಿಗೆ ನಡೆದಳು. ಪರೀಕ್ಷೆಗೆ ಕರೆದ ವಿದ್ಯಾರ್ಥಿಯಂತೆ ಮಲ್ಲೇಶ ಹಿಂದೆ ಹೋದ.

"ಕುಡೀರಿ," ಎಂದಳು. "ಇಲ್ಲಾ ಯಾಕ ಬ್ಯಾಡ ಹೇಳ್ರಿ. ಕುಷ್ಟಗಿಯವರಿಗೆ ನಾ ಜವಾಬು ಕೊಡ್ಬೇಕು."

ಮಲ್ಲೇಶ ನೇರಳೆ ಖಣವನ್ನು ಗದ್ದಕ್ಕೆ ಇಳಿಸಿದ. ಒಂದೂವರೆ ವರ್ಷದಲ್ಲಿ ಮೊದಲ ಬಾರಿಗೆ ಅವಳ ಮುಂದೆ ಅವನ ತುಟಿಗೆ ಗಾಳಿ ತಾಕಿತು.

"ಹಲ್ಲು ಹಿಂಗ ಅದಾವ್ರಿ," ಎಂದ. "ನೋಡಿದ್ರ ನೀವು ಮಷಿನ್ ಜೋರು ಮಾಡ್ತೀರಿ ಅಂತ ಅಂಜಿಕಿ ಇತ್ತು. ನೀವಂದ್ರ ನನಗ ಭಾಳ... ಮಾರ್ತವ್ವ ಬರೇ ನೆಪ ಇದ್ಲು. ಇದು ತಪ್ಪಂತ ಗೊತ್ತೈತಿ."

ದುರ್ಗಾ ಹಲ್ಲನ್ನು ಪರೀಕ್ಷಿಸಿದಳು. ತಲೆ ಎಡಕ್ಕೆ ವಾಲಿಸಿ ಒಮ್ಮೆ, ಬಲಕ್ಕೆ ವಾಲಿಸಿ ಒಮ್ಮೆ.

"ಹೋದ ವರ್ಷನ ನೋಡೀನಿ," ಎಂದಳು. "ನಮ್ಮನ್ಯಾಗ ಚಹಾ ಬ್ಯಾಡ ಅಂದು, ಮೂಲಿಗೆ ಹೋಗಿ ಮಾಸ್ಕ್ ಇಳಿಸಿ ಬಾಟಲಿ ನೀರು ಕುಡೀತಿದ್ರಿ. ಖಿಡಕಿ ನಿಮಗ ಕಂಡಿರಲಿಲ್ಲ."

"ಮತ್ತ ಹೇಳ್ಲಿಲ್ಲಲ್ರಿ."

"ಪೊಲೀಸರು ತಾವಾಗೇ ಒಪ್ಕೊಳ್ಳಿ ಅಂತ ಕಾಯಾಕತ್ತಿದ್ದೆ."

ಹೇಳಿ ತನ್ನ ಮಾಸ್ಕ್ ಇಳಿಸಿದಳು. ಅವನು ಮನಸ್ಸಿನಲ್ಲಿ ಎಷ್ಟೋ ಸಲ ಬರೆದ ಮುಖ ಅದಲ್ಲ. ಗದ್ದ ಸ್ವಲ್ಪ ಚೂಪು, ಕೆನ್ನೆಯಲ್ಲಿ ಒಂದೇ ಕಡೆ ಗುಳಿ. ತಾನು ಬರೆದದ್ದಕ್ಕಿಂತ ಇದು ಎಷ್ಟು ಛಂದ ಎಂದು ಅವನು ನಕ್ಕ. ಕೈ ಬಾಯಿಗೆ ಹೋಗುವುದನ್ನು ಮರೆತಿತ್ತು.

ಆಗ ಕಾಳಪ್ಪ ಹಿತ್ತಲಿಗೆ ಬಂದ. ಇಬ್ಬರನ್ನೂ ನೋಡದವನಂತೆ ನೇರ ನಲ್ಲಿಯ ಹತ್ತಿರ ಹೋಗಿ ಬಗ್ಗಿ ತಿರುವಿದ. ನೀರು ಭರ್ರೆಂದು ಬಂದು ಅವನ ಧೋತರ ತೋಯಿಸಿತು. ಬಂದ್ ಮಾಡಿ, ಒಳಗೆ ಹೋಗಿ ಹುಲಿಗವ್ವನಿಗೆ ತನ್ನ ತೀರ್ಪು ಹೇಳಿದ್ದು ಹಿತ್ತಲಿಗೂ ಕೇಳಿಸಿತು.

"ಪ್ರೆಷರ್ ಛಲೋ ಐತಿ. ಕೊಡಬಹುದು."

ಮೈಮುನಬಿ ಎದ್ದು ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು.

*

ರಾತ್ರಿ ಎಲ್ಲರೂ ಅಲ್ಲೇ ಉಳಿದರು. ಶುಕ್ರವಾರ ಬೆಳಗ್ಗೆ ಸಣ್ಣವ್ವನ ಬಾಗಿಲಿನಿಂದ ಮಾರ್ತವ್ವನ ಕಾರು ಹೊರಟಿತು. ಹುಲಿಗವ್ವ ಅಳುತ್ತಿದ್ದಳು, ಮಾರ್ತವ್ವ ಅವಳ ಸೆರಗಿನಿಂದಲೇ ಕಣ್ಣೊರೆಸಿಕೊಂಡಳು. ಸೈಕಲನ್ನು ಕಾಳಪ್ಪನಿಗೆ ಬಿಟ್ಟಿದ್ದಳು, ನಲ್ಲಿ ಬಿಡಲು ಹೋಗುವುದಕ್ಕೆ. ಉಡಿಯ ಅಕ್ಕಿಯನ್ನು ಮೊಮ್ಮಗಳ ಕೈಗೆ ಮುಟ್ಟಿಸಿ ಪಾಯಸ ಮಾಡುತ್ತೇನೆ ಎಂದಳು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅವಳ ಕೈ ಕಿಟಕಿಯ ಹೊರಗೇ ಇತ್ತು.

ಅಳವಂಡಿಯ ಟಂಟಂ ಬಂತು. ಅಪ್ಪ ಅವ್ವನ ಜೊತೆ ದುರ್ಗಾ ಹತ್ತಿ ಕೂತಳು. ಮಲ್ಲೇಶ ಪಕ್ಕಕ್ಕೆ ಬಂದು ನಿಂತ. ಅವನಿಗೆ ಒಂದು ಚಿಂತೆ ಹತ್ತಿತ್ತು.

"ಇನ್ನ ಅಳವಂಡ್ಯಾಗ ಪರದೇಶದವರು ಯಾರೂ ಇಲ್ಲ," ಎಂದ. "ನಾ ಯಾವ ಕಾರಣಕ್ಕ ಬರ್ಲಿ?"

ದುರ್ಗಾ ಯೋಚಿಸಿದಂತೆ ಮಾಡಿದಳು. ಮಾಸ್ಕ್ ಗದ್ದದ ಕೆಳಗೇ ಇತ್ತು.

"ಚಹಾ ಕುಡಿಯಾಕ ಬರ್ರಿ. ಲಗ್ನ ಆಗೂತನಾ, ವಾರಕ್ಕ ಎರಡು ಸಲ."

"ಲಗ್ನ ಆದ ಮ್ಯಾಲೆ?"

ಟಂಟಂ ಹೊರಟಿತು. ಅವಳು ಹಿಂದೆ ತಿರುಗಿ, ಅದರ ಸದ್ದಿನಲ್ಲೂ ಅವನಿಗೆ ಕೇಳುವಂತೆ ಹೇಳಿದಳು.

"ಮುಂದಿನ ಆದೇಶದವರೆಗೂ ನನ್ನ ಕೂಡನ ಇರ್ರಿ."