ಒಳಕ್ಕೆ ಸರಿದ ದೀಪಗಳು

ಶನಿವಾರ ಬೆಳಿಗ್ಗೆ ಎಂಟೂವರೆಗೆ ಶ್ರೀರಂಗಪಟ್ಟಣದ ಟೆಂಪೋ ಚಾಲಕ ಹುಸೇನ್ ಪಾಂಡವಪುರ ಠಾಣೆಗೆ ದೂರು ಹಿಡಿದು ಬಂದ. ಹಿಂದಿನ ಸಂಜೆ, ಕತ್ತಲಾದ ಮೇಲೆ, ಕುಂತಿಬೆಟ್ಟದ ತಪ್ಪಲಿನ ಖಾಸಗಿ ವಿಮಾನ ತರಬೇತಿ ಶಾಲೆಯಲ್ಲಿ ಅವನ ಮಗಳು ಆಲಿಯಾ ಒಬ್ಬಳೇ ಹಾರಿಸುತ್ತಿದ್ದ ಪುಟ್ಟ ವಿಮಾನ ರನ್‌ವೇ ಮುಟ್ಟುವ ಮೊದಲೇ ಕಬ್ಬಿನ ಗದ್ದೆಗೆ ಬಡಿದಿತ್ತು. ಕಾಲು ಮುರಿದ ಹುಡುಗಿ ಮಂಡ್ಯದ ಆಸ್ಪತ್ರೆಯಲ್ಲಿದ್ದಳು.

"ಅವಳಿಗೆ ಕತ್ತಲಲ್ಲಿ ಕಣ್ಣು ಕಾಣಾಕಿಲ್ಲ ಅಂತ ಶಾಲೆಯೋರು ಬರೀತಾವ್ರೆ ಸಾಬ್. ಅಂಗೆ ಬರೆದ್ಬುಟ್ರೆ ಲೈಸೆನ್ಸು ಖತಂ. ಏನೋ ಮೋಸ ನಡೆದದೆ."

"ಏನೋ ಅಂದ್ರೆ ಏನಯ್ಯ? 'ಏನೋ' ಅಂತ ಎಫ್‌ಐಆರ್ ಬರೀಲಾ?" ಇನ್ಸ್‌ಪೆಕ್ಟರ್ ಅಂದಾನಯ್ಯ ರೇಗಿದ. ರೇಗುತ್ತಲೇ ಎಫ್‌ಐಆರ್ ಬರೆಸಿ ಮಂಡ್ಯಕ್ಕೆ ಜೀಪು ಹತ್ತಿದ.

ಆಲಿಯಾಳ ಧ್ವನಿ ಸಣ್ಣಗಿತ್ತು, ಮಾತು ಗಟ್ಟಿಯಾಗಿತ್ತು.

"ಬೇಕಾದ್ದಕ್ಕಿಂತ ಮೇಲಿದ್ದೀನಿ ಅನ್ನಿಸ್ತು ಸರ್. ಅದಕ್ಕೇ ಇಳಿಸಿದೆ."

"ಮೀಟರ್ ನೋಡ್ಲಿಲ್ವಾ?"

"ಕೊನೇ ಗಳಿಗೇಲಿ ಕಣ್ಣೇ ಗತಿ. ಕತ್ತಲಲ್ಲಿ ನೆಲ ಕಾಣಲ್ಲ, ಎರಡು ಸಾಲು ದೀಪ ಕಾಣ್ತವೆ. ಅವುಗಳ ನಡುವಿನ ಅಗಲ ನೋಡಿ ಎತ್ತರ ಗೊತ್ತಾಗೋದು. ಅಗಲ ಕಿರಿದಾದ್ರೆ ಇನ್ನೂ ಮೇಲಿದ್ದೀವಿ ಅನ್ನಿಸ್ತದೆ. ನಿನ್ನೆ ಕಿರಿದಾಗಿತ್ತು ಸರ್, ಆಣೆ ಮಾಡ್ತೀನಿ."

ಮಧ್ಯಾಹ್ನ ರನ್‌ವೇ ಪಂಚನಾಮೆ ನಡೆಯಿತು. ಬಿಸಿಲಲ್ಲಿ ಚಾರ್ಜಾಗಿ ಸಂಜೆ ತಾವೇ ಹತ್ತಿಕೊಳ್ಳುವ ಸೋಲಾರ್ ದೀಪಗಳನ್ನು ಗೂಟಕ್ಕೆ ಕಟ್ಟಿ ಹುಲ್ಲಿನ ರನ್‌ವೇಯ ಎರಡೂ ಅಂಚಿಗೆ ನೆಟ್ಟಿದ್ದರು. ಟೇಪು ಹಿಡಿದು ಅಳೆದರೆ ಅಗಲ ಸರಿಯಾಗಿಯೇ ಬಂತು.

"ನೋಡಿದ್ರಾ?" ಎಂದ ಮ್ಯಾನೇಜರ್ ಸಿದ್ದೇಶ. "ಹುಡುಗಿ ಕಣ್ಣೇ ಸರಿಯಿಲ್ಲ."

"ಸಾರ್, ಇಲ್ ಬನ್ನಿ," ಕಾನ್‌ಸ್ಟೇಬಲ್ ಹಸೀಬ್ ಹುಲ್ಲಿನಲ್ಲಿ ಮಂಡಿಯೂರಿ ಕೂಗಿದ. ಎಡಸಾಲಿನಿಂದ ಏಳೆಂಟು ಮಾರು ಒಳಗೆ, ಗೂಟದಷ್ಟೇ ದಪ್ಪದ ಹಸಿ ತೂತುಗಳು ಸಾಲಾಗಿದ್ದವು.

ಅಂದಾನಯ್ಯ ಸಿದ್ದೇಶನತ್ತ ತಿರುಗಿದ. "ವಿಮಾನ ಏರೋ ಮುಂಚೆ ಇಲ್ಲಿ ನಡೆದು ನೋಡಿದ್ಯೇನ್ಲಾ?"

"ದಿನಾ ಏನ್ ನೋಡಾದು ಸಾರ್..."

"ನೋಡಿದ್ಯಾ, ಇಲ್ವಾ?"

"ಇಲ್ಲ."

ಕತ್ತಲಿಳಿದಾಗ ಅಂದಾನಯ್ಯ ಬೆಟ್ಟದ ಅರ್ಧ ಏರಿ ಬಂಡೆಯ ಅಂಚಿನಲ್ಲಿ ಕೂತಿದ್ದ. ಕೆಳಗೆ ಎರಡು ಸಾಲು ಬೆಳಕು, ಸುತ್ತ ಕಗ್ಗತ್ತಲು. ಹಸೀಬನೂ ಉಳಿದ ಪೇದೆಗಳೂ ಎಡಸಾಲನ್ನು ಕಿತ್ತು ಆ ತೂತುಗಳಲ್ಲಿ ನೆಟ್ಟರು. ನೋಡನೋಡುತ್ತ ನೆಲವೇ ಪಾತಾಳಕ್ಕೆ ಇಳಿದಂತಾಯಿತು. ಅಂದಾನಯ್ಯ ಎರಡೂ ಕೈಯಲ್ಲಿ ಬಂಡೆ ತಬ್ಬಿಕೊಂಡ. ಏನು ನಡೆಯುತ್ತಿದೆಯೆಂದು ಗೊತ್ತಿದ್ದೂ ಕಣ್ಣು ಕೇಳಲಿಲ್ಲ.

"ಸಾರ್, ಏನಾರ ಗೊತ್ತಾಯ್ತಾ?" ಫೋನಿನಲ್ಲಿ ಹಸೀಬ್.

"ಬಾಯ್ ಮುಚ್ಕಂಡು ದೀಪ ಮೊದ್ಲಿದ್ದಂಗೇ ನೆಡ್ಲಾ. ನಾನು ಕೆಳೀಕೆ ಇಳೀಬೇಕು."

ಭಾನುವಾರ ಬೆಳಿಗ್ಗೆ ಎಡ ಅಂಚಿನ ಹೊಲಕ್ಕೆ ಹೋದರು. ಮಂಗಳಮ್ಮ ಎಂಬಾಕೆಯ ಸೇವಂತಿಗೆ. ಆಚೆ ಅರ್ಧ ಹಳದಿ ಬಿರಿದಿತ್ತು. ರನ್‌ವೇ ಮಗ್ಗುಲ ಅರ್ಧದಲ್ಲಿ ಸೊಂಟದೆತ್ತರ ಬೆಳೆದ ಗಿಡ, ಬರೀ ಎಲೆ, ಒಂದು ಮೊಗ್ಗಿಲ್ಲ.

"ಇಲ್ಯಾಕಮ್ಮ ಹೂವಿಲ್ಲ?"

"ಸೇವಂತಿಗೆ ಮೊಗ್ಗು ಕಟ್ಟಾಕೆ ಕತ್ಲು ಬೇಕು ಸ್ವಾಮಿ. ಆ ದೀಪ ಬೆಳಗಾನ ಉರೀತವೆ."

"ಅದಕ್ಕೆ ನೀನೇ ಕಿತ್ತು ಒಳೀಕೆ ನೆಟ್ಟೆ," ಎಂದ ಅಂದಾನಯ್ಯ.

ಆಕೆ ಕುಕ್ಕೆ ಕೆಳಗಿಟ್ಟಳು. ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ.

"ಓದ ವಾರದಿಂದ. ಸಂಜೆ ಒಳೀಕೆ ನೆಟ್ಟು, ಕೋಳಿ ಕೂಗೋ ಒತ್ಗೆ ಇದ್ದಂಗೇ ಇಕ್ತಿದ್ದೆ. ಕತ್ಲಾದ್ಮೇಲೆ ಇಮಾನ ಆರಾದು ಶನಿವಾರ ಮಾತ್ರ, ಅವತ್ತು ಮುಟ್ತಿರ್ಲಿಲ್ಲ. ಶುಕ್ರವಾರ ಆರ್ತದೆ ಅಂತ ನಂಗೆ ಏಳ್ದೋರ್ಯಾರು?"

"ವಿಮಾನ ಬಿದ್ದ ಸದ್ದು ಕೇಳ್ತಲ್ಲ, ಆಗೇನ್ ಮಾಡ್ದೆ?"

"ಓಡ್ದೆ. ಕುಡ್ಲಲ್ಲಿ ಬೆಲ್ಟು ಕುಯ್ದು ಮಗೀನ ಈಚೀಕೆ ಎಳ್ಕಂಡೆ. ಜನ ಬಂದ್ರು. ಆಮೇಲೆ ಎದ್ರಿಕೆ ಆಗಿ ದೀಪ ಇದ್ದಂಗೆ ನೆಟ್ಬುಟ್ಟೆ."

ಹನ್ನೊಂದಕ್ಕೆ ಮಂಗಳಮ್ಮನ ಬಂಧನವಾಯಿತು. ರನ್‌ವೇ ನೋಡದೆ ವಿಮಾನ ಬಿಟ್ಟ ಸಿದ್ದೇಶ ಎರಡನೇ ಆರೋಪಿಯಾದ. ಹುಸೇನನಿಗೆ ಫೋನು ಹೋಯಿತು: "ನಿನ್ನ ಮಗಳ ಕಣ್ಣು ನೆಟ್ಟಗವೆ ಕಣಯ್ಯ. ಬರ್ಕೊಡ್ತೀನಿ."

ಮಂಗಳಮ್ಮನ ಸೇವಂತಿಗೆ ಕೆ.ಆರ್. ಪೇಟೆ, ನಾಗಮಂಗಲದ ಹಾರ ಕಟ್ಟುವವರಿಗೆ ಹೋಗುತ್ತಿತ್ತು. ಹೊಲದ ಕಡೆಗೆ ಬೆಳಕು ಬೀಳದಂತೆ ದೀಪಗಳಿಗೆ ತಗಡಿನ ಮರೆ ಹೊಡೆಸಿ ಎಂದು ಮಂಗಳಮ್ಮ ಸಿದ್ದೇಶನನ್ನು ಮತ್ತೆ ಮತ್ತೆ ಕೇಳಿದ್ದಳು. ಹೂವಿಗೂ ನಿದ್ದೆ ಬೇಕೇನಮ್ಮ ಎಂದು ಅವನು ನಕ್ಕು ಕಳಿಸಿದ್ದ.